‘ಮಹಾಸ್ಫೋಟ’ ಬಿಟ್ಟರೆ ಬೇರೆ ಪದ ಇದೆಯಾ?

ಗೆಳೆಯರೇ,

ವಿಶ್ವ ಶುರುವಾದ ಬಗೆಯನ್ನು ವಿಜ್ಞಾನ ಓದದವರಿಗೂ ತಿಳಿಯುವ ಹಾಗೆ ಬರೆಯಲು ಕೂತಿದ್ದೇನೆ. ಇಂಗ್ಲಿಷಿನ ‘ಬಿಗ್ ಬ್ಯಾಂಗ್’ಗೆ ನಾವು ಬಳಸುವ ‘ಮಹಾಸ್ಫೋಟ’ ಅನ್ನೋ ಪದದಿಂದಾಗಿ ಮೊದಲ ಸಾಲಲ್ಲೇ ಸಿಕ್ಕಿಕೊಂಡೆ. ‘ಸುಮಾರು 1380 ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟ ಆಯಿತು’ ಅಂತ ಮನೆಯಲ್ಲಿ ಓದಿ ಹೇಳಿದೆ. ತಕ್ಷಣ ಬಂದ ಪ್ರಶ್ನೆ: ‘ಎಲ್ಲಿ ಆಯ್ತು?’

ತಪ್ಪು ಕೇಳಿದವರದ್ದಲ್ಲ, ಪದದ್ದು. ಸ್ಫೋಟ ಅಂದ ಕೂಡಲೇ ಅದಕ್ಕೊಂದು ‘-ಅಲ್ಲಿ’ ಬೇಕು. ಗಣಿಯಲ್ಲಿ ಸ್ಫೋಟ, ಕಾರ್ಖಾನೆಯಲ್ಲಿ ಸ್ಫೋಟ. ಚೂರುಗಳು ಚಿಮ್ಮೋದಕ್ಕೆ ಸುತ್ತ ಖಾಲಿ ಜಾಗವೂ ಬೇಕು. ಬಿಗ್ ಬ್ಯಾಂಗ್‌ನಲ್ಲಿ ಇವೆರಡೂ ಇಲ್ಲ. ಹಿಗ್ಗಿದ್ದೇ ಜಾಗ, ಅದೂ ಎಲ್ಲ ಕಡೆ ಒಟ್ಟಿಗೆ. ಹೋಗಲಿ, ‘ಸೃಷ್ಟಿ’ ಅನ್ನೋಣ ಅಂದರೆ ಅದು ‘ಯಾರು?’ ಅಂತ ಕೇಳುತ್ತದೆ.

ಇಂಗ್ಲಿಷಿನವರೂ ‘ಬಿಗ್ ಬ್ಯಾಂಗ್’ ಅನ್ನೋ ಹೆಸರಿನಿಂದ ಸುಖಪಟ್ಟಿಲ್ಲ. 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇದನ್ನು ಬಳಸಿದ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಆ ಸಿದ್ಧಾಂತವನ್ನೇ ಒಪ್ಪದವರು! 1993ರಲ್ಲಿ ‘ಸ್ಕೈ ಅಂಡ್ ಟೆಲಿಸ್ಕೋಪ್’ ಅನ್ನೋ ಖಗೋಳ ಪತ್ರಿಕೆ ಹೊಸ ಹೆಸರಿಗಾಗಿ ಸ್ಪರ್ಧೆ ಇಟ್ಟಿತು. 13,000ಕ್ಕೂ ಜಾಸ್ತಿ ಹೆಸರುಗಳು ಬಂದವು. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಇದ್ದ ತೀರ್ಪುಗಾರರ ತಂಡಕ್ಕೆ ಒಂದೂ ಹಿಡಿಸಲಿಲ್ಲ. ಆದರೂ ‘ಬ್ಯಾಂಗ್’ ಅನ್ನೋದು ಬರೀ ಸದ್ದು, ನಮ್ಮ ‘ಢಂ’ ಇದ್ದ ಹಾಗೆ. ಅದನ್ನು ಸ್ಫೋಟ ಮಾಡಿದ್ದು ನಾವೇ ಅಲ್ವಾ?

ನನಗೆ ಹೊಳೆದದ್ದು ‘ಹಿರಿಹಿಗ್ಗು’. ಹಿಗ್ಗು ‘ಎಲ್ಲಿ’ ಅಂತ ಕೇಳುವುದಿಲ್ಲ, ‘ಏನು ಹಿಗ್ಗಿತು’ ಅಂತ ಕೇಳುತ್ತದೆ. ಸರಿಯಾದ ಪ್ರಶ್ನೆ. ತೊಡಕು ಎರಡು. ಹಿಗ್ಗು ಅಂದರೆ ಸಂತೋಷವೂ ಹೌದು. ವಿಶ್ವ ಹಿಗ್ಗಿ ಹೀರೇಕಾಯಿ ಆದ ಚಿತ್ರ ಕಣ್ಮುಂದೆ ಬಂದರೆ ಕಷ್ಟ. ಇನ್ನೊಂದು ಇದಕ್ಕಿಂತ ದೊಡ್ಡದು. ಗ್ಯಾಲಕ್ಸಿಗಳು, ಅಂದರೆ ನಕ್ಷತ್ರಗಳ ಭಾರೀ ಗುಂಪುಗಳು, ದೂರ ಇದ್ದಷ್ಟೂ ಜೋರಾಗಿ ದೂರ ಸರಿಯುತ್ತಿವೆ ಅಂತ 1929ರಲ್ಲೇ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿದರು. ಅಂದರೆ ಹಿಗ್ಗುವುದು ಇವತ್ತಿಗೂ ನಿಂತಿಲ್ಲ. ‘ಹಿರಿಹಿಗ್ಗು’ ಅಂದರೆ ಶುರುವಾದದ್ದು ಅಂತ ಓದುವವರಿಗೆ ಹೊಳೆಯುತ್ತದಾ?

ವಿಶ್ವ ಶುರುವಾದ ಮೊದಲ ಕ್ಷಣದಲ್ಲೇ, ಕಣ್ರೆಪ್ಪೆ ಬಡಿಯುವುದಕ್ಕೂ ಮುಂಚೆ, ನಡೆಯಿತು ಅನ್ನುವ ಭಾರೀ ಹಿಗ್ಗುವಿಕೆಗೆ ಮಾತ್ರ ನನಗೆ ಪದ ಸಿಕ್ಕಿದೆ: ‘ಉಬ್ಬರ’. ಇಂಗ್ಲಿಷಿನಲ್ಲಿ ಅದಕ್ಕೂ ಹಣದುಬ್ಬರಕ್ಕೂ ಒಂದೇ ಪದ, ‘ಇನ್‌ಫ್ಲೇಶನ್’; ನಮಗೂ ಸಲೀಸಾಯಿತು.

ಸುಮ್ನೆ ‘ಬಿಗ್ ಬ್ಯಾಂಗ್’ ಅಂತಲೇ ಬರೆಯಲಾ? ಅಥವಾ ‘ಎಲ್ಲಿ’, ‘ಯಾರು’ ಎರಡನ್ನೂ ಕೇಳದ, ಶುರು ಅನ್ನೋದನ್ನೂ ಹೇಳುವ ಪದ ನಿಮಗೆ ಯಾರಿಗಾದರೂ ಹೊಳೆಯುತ್ತಿದೆಯಾ?