ಕುಡಿದು ವಾಹನ ಚಲಾಯಿಸಿದ ಆರೋಪದಲ್ಲಿ ಬಂಧಿತರಾದವರ ಹಕ್ಕುಗಳೇನು?

ಪ್ರಶ್ನೆ: ಈ ಆರೋಪದ ಮೇಲೆ ನನ್ನ ತಮ್ಮನನ್ನು ನಿನ್ನೆ ರಾತ್ರಿ ಬಂಧಿಸಿದ್ದಾರೆ. ತಪ್ಪನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಅವನ ಹಕ್ಕುಗಳನ್ನು ದಯವಿಟ್ಟು ತಿಳಿಸಿ.

ಉತ್ತರ 1: ಬಂಧಿಸುವಾಗಲೇ ಕಾರಣ ತಿಳಿಸಬೇಕು, ವಿಳಂಬವಿಲ್ಲದೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು ಎಂದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ. ಹೇಳಿಕೆಗೆ ಸಹಿ ಹಾಕುವ ಮುನ್ನ ಅವರು ವಕೀಲರನ್ನು ಕಾಣಲು ಕೇಳಲಿ.

ಉತ್ತರ 2: ಮೌನವಾಗಿರುವ ಹಕ್ಕು ಮಾತಿಗೆ ಸಂಬಂಧಿಸಿದ್ದು, ಉಸಿರಿನ ಪರೀಕ್ಷೆಗೆ ಊದಲು ನಿರಾಕರಿಸುವುದು ಅನೇಕ ದೇಶಗಳಲ್ಲಿ ಪ್ರತ್ಯೇಕ ಅಪರಾಧವೇ ಆಗಿದೆ. ಆದರೆ ಬಾಯಲ್ಲಿ ಉಳಿದ ಮದ್ಯವು ಅಂಕಿಯನ್ನು ಏರಿಸಬಲ್ಲದಾದ್ದರಿಂದ, ಸಾಕ್ಷ್ಯವಾಗುವ ಪರೀಕ್ಷೆಗೆ ಮುನ್ನ ಸಾಮಾನ್ಯವಾಗಿ 15 ನಿಮಿಷ ಕಾಯುತ್ತಾರೆ. ಯಂತ್ರದ ಚೀಟಿಯಲ್ಲಿ ಮುದ್ರಿತವಾದ ಸಮಯವನ್ನು, ವಾಹನ ತಡೆದ ಸಮಯದೊಂದಿಗೆ ನಿಮ್ಮ ವಕೀಲರು ಹೋಲಿಸಿ ನೋಡಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಚೀಟಿಯ ಪ್ರತಿಯನ್ನು ಇಂದೇ ಕೇಳುತ್ತೇನೆ.