ಸ್ಪೈಡರ್‌ಮ್ಯಾನ್ ಯಾರ ಮಗ?

ಹಳೇಪುಸ್ತಕ, ಸರಸ್ವತಿಪುರಂ:
ಭಾನುವಾರ ಗೆಳೆಯನ ಮನೆಯಲ್ಲಿ ಹೊತ್ತಿಕೊಂಡ ಜಗಳ ಇನ್ನೂ ಆರಿಲ್ಲ, ಇಲ್ಲಿಗೂ ತಂದಿದ್ದೇನೆ. 1962ರಲ್ಲಿ ಅಮೆರಿಕದ ಕಾಮಿಕ್ಸ್ ಪುಸ್ತಕದಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದಾಗ ಮಾತು ಸ್ಟ್ಯಾನ್ ಲೀ ಅವರದು, ಚಿತ್ರ ಸ್ಟೀವ್ ಡಿಟ್ಕೊ ಅವರದು. ನಿಜವಾಗಿ ಹೆತ್ತವರು ಯಾರು? ನಾನು ಲೀ ಕಡೆ. ಮುಖವಾಡ ತೊಟ್ಟ ವೀರರು ಅದಕ್ಕೂ ಮೊದಲು ಬೇಕಾದಷ್ಟು ಮಂದಿ ಇದ್ದರು. ಖಳನನ್ನು ಹೊಡೆದು ಮನೆಗೆ ಬಂದು ಬಾಡಿಗೆಗೆ ಏನು ಮಾಡುವುದೆಂದು ತಲೆ ಕೆಡಿಸಿಕೊಳ್ಳುವ ಹುಡುಗ ಇರಲಿಲ್ಲ. ಅದು ಮಾತಿನ ಕೆಲಸ.

ಗೀಚುಗಾರ್ತಿ, ಕುವೆಂಪುನಗರ:
ಬಡಿಸಿದವನನ್ನೇ ಅಡುಗೆಯವನು ಎನ್ನುತ್ತಿದ್ದೀರಿ. ಲೀ ಮೊದಲೇ ಸಂಭಾಷಣೆ ಬರೆದು ಕೊಡುತ್ತಿರಲಿಲ್ಲ. ಕತೆಯ ಎಳೆಯೊಂದನ್ನು ಹೇಳುತ್ತಿದ್ದರು, ಚಿತ್ರಕಾರ ಅದನ್ನು ಪುಟಗಳಾಗಿ ಹಿಗ್ಗಿಸಿ ತರುತ್ತಿದ್ದ, ಗುಳ್ಳೆಗಳಿಗೆ ಮಾತು ತುಂಬುವುದು ಆಮೇಲೆ. 1966ರಲ್ಲಿ ಇನ್ನೊಬ್ಬ ಚಿತ್ರಕಾರ ಜ್ಯಾಕ್ ಕರ್ಬಿ ತಂದ ಪುಟಗಳಲ್ಲಿ ಹಲಗೆಯ ಮೇಲೆ ನಿಂತು ಆಕಾಶದಲ್ಲಿ ಜಾರುವ ಬೆಳ್ಳಿ ಮೈಯವನೊಬ್ಬನಿದ್ದ. ಇವನು ಯಾರೆಂದು ಲೀ ಅವರೇ ಕೇಳಬೇಕಾಯಿತು. ಸಿಲ್ವರ್ ಸರ್ಫರ್ ಬಂದದ್ದು ಹಾಗೆ. ಸ್ಪೈಡರ್‌ಮ್ಯಾನ್‌ನ ಮುಖ ಪೂರ್ತಿ ಮುಚ್ಚಿದ್ದೂ ಡಿಟ್ಕೊ. ಕಣ್ಣು, ಬಾಯಿ ಯಾವುದೂ ಕಾಣದ ಮೇಲೆ ಅಳು, ಭಯ ಎಲ್ಲವನ್ನೂ ಬೆನ್ನು, ಬೆರಳುಗಳೇ ಹೇಳಬೇಕು. ಸ್ವಲ್ಪ ಬರೆದು ನೋಡಿ, ಕಷ್ಟ ಗೊತ್ತಾಗುತ್ತದೆ.

ಗಾಣದಮನೆ, ಮಂಡ್ಯ:
ನನ್ನದು ಬೇರೆಯೇ ಕತೆ. ಏಳನೆಯ ತರಗತಿಯಲ್ಲಿ ನನಗೆ ಇಂಗ್ಲಿಷ್ ಅಕ್ಷರ ಕೂಡಿಸಲು ಬರುತ್ತಿತ್ತು, ಅಷ್ಟೇ. ಮಾವ ಮೈಸೂರಿನಿಂದ ತಂದ ರದ್ದಿಯಲ್ಲಿ ರಕ್ಷಾಪುಟವಿಲ್ಲದ ಒಂದು ಪುಸ್ತಕ ಸಿಕ್ಕಿತು. ಸ್ಪೈಡರ್‌ಮ್ಯಾನ್‌ನ 1966ರ 33ನೆಯ ಸಂಚಿಕೆಯ ಮರುಮುದ್ರಣ ಅದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ವಿ.ಸಿ. ನಾಲೆಯ ಏರಿಯ ಮೇಲೆ ಕುಳಿತು ನೋಡಿದೆ. ಓದಿದೆ ಎನ್ನುವುದಿಲ್ಲ.

ಮನೆಯಷ್ಟು ದೊಡ್ಡ ಯಂತ್ರ ಅವನ ಬೆನ್ನಿನ ಮೇಲೆ ಬಿದ್ದಿದೆ. ಮೇಲಿನಿಂದ ನೀರು ಸೋರುತ್ತಿದೆ. ಎದುರಿಗೆ, ಕೈಗೆ ಎಟುಕದಷ್ಟು ದೂರದಲ್ಲಿ ಒಂದು ಡಬ್ಬಿ. ಅವನು ಏಳಲು ನೋಡುತ್ತಾನೆ, ಕುಸಿಯುತ್ತಾನೆ. ಒಬ್ಬ ಮುದುಕಿಯ ಮುಖ ಕಣ್ಣೆದುರು ಬರುತ್ತದೆ. ಪುಟ ತಿರುವಿದರೆ ಮತ್ತೆ ಅದೇ, ಇನ್ನೂ ಅಲ್ಲೇ. ಕೊನೆಗೆ ಒಂದು ಇಡೀ ಪುಟದ ತುಂಬ ಅವನು ಯಂತ್ರವನ್ನು ಎತ್ತಿ ನಿಂತಿದ್ದಾನೆ. ನನ್ನ ಹೆಗಲು ನೋಯುತ್ತಿತ್ತು, ಸುಳ್ಳಲ್ಲ. ಪಿಯುಸಿಗೆ ಬಂದ ಮೇಲೆ ಮಾತುಗಳನ್ನೂ ಓದಿದೆ. ನಿರಾಸೆಯಾಯಿತು. ಭಾರ ಎತ್ತುವವನು ಅಷ್ಟೊಂದು ಮಾತನಾಡುತ್ತಾನೆಯೇ? ನಮ್ಮ ಮಂಡಿಯಲ್ಲಿ ಬೆಲ್ಲದ ಮೂಟೆ ಹೊರುವವರನ್ನು ಬಂದು ನೋಡಿ, ಹಲ್ಲು ಕಚ್ಚಿರುತ್ತಾರೆ.

ಹಳೇಪುಸ್ತಕ, ಸರಸ್ವತಿಪುರಂ:
ಸರಿ. ಆ ಡಬ್ಬಿಯಲ್ಲಿ ಏನಿದೆ ಎಂದುಕೊಂಡಿದ್ದಿರಿ ಆಗ?

ಗಾಣದಮನೆ, ಮಂಡ್ಯ:
ಬಾಂಬ್.

ಹಳೇಪುಸ್ತಕ, ಸರಸ್ವತಿಪುರಂ:
ನೋಡಿದಿರಾ! ಡಬ್ಬಿಯಲ್ಲಿ ಇದ್ದದ್ದು ಔಷಧಿ. ಆ ಮುದುಕಿ ಅವನ ದೊಡ್ಡಮ್ಮ ಮೇ, ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅದೂ ಇವನು ಹಿಂದೊಮ್ಮೆ ಕೊಟ್ಟ ರಕ್ತದಲ್ಲಿದ್ದ ವಿಕಿರಣದಿಂದಲೇ. ತಾನು ಉಳಿಸಲು ಕೊಟ್ಟದ್ದೇ ಆಕೆಗೆ ವಿಷವಾಯಿತು ಎಂಬ ಸಂಕಟವಿಲ್ಲದಿದ್ದರೆ ಅದು ಬರೀ ಗರಡಿಮನೆಯ ಕಸರತ್ತು. ಆ ಸಂಕಟವನ್ನು ಯಾವ ಗೆರೆ ಹೇಳುತ್ತದೆ?

ಗೀಚುಗಾರ್ತಿ, ಕುವೆಂಪುನಗರ:
ಸಂಕಟವನ್ನು ಕಟ್ಟಿದವರೂ ಡಿಟ್ಕೊ ಅವರೇ, ಸ್ವಾಮಿ. ಆ ಹೊತ್ತಿಗೆ ಕಥಾಹಂದರ ಅವರದು ಎಂದು ಪುಸ್ತಕದಲ್ಲೇ ಅಚ್ಚಾಗುತ್ತಿತ್ತು. ಅವರೂ ಲೀ ಅವರೂ ಪರಸ್ಪರ ಮಾತು ಬಿಟ್ಟಿದ್ದರು. ಅದೇ ವರ್ಷ ಡಿಟ್ಕೊ ಹೊರಟೇ ಹೋದರು.

ಬಾವಲಿಮರ, ಮೈಸೂರು:
ಬ್ಯಾಟ್‌ಮ್ಯಾನ್ ಲೆಕ್ಕ ಇದಕ್ಕೆ ತಿರುಗುಮುರುಗು. ಚಿತ್ರಕಾರ ಬಾಬ್ ಕೇನ್ ಮೊದಲು ಬರೆದದ್ದು ಕೆಂಪು ಅಂಗಿ, ಬಿರುಸಾದ ರೆಕ್ಕೆ, ಕಣ್ಣಿಗಷ್ಟೇ ಪಟ್ಟಿ. ಕಿವಿಯುಳ್ಳ ಮುಸುಕು ಹಾಕು, ರೆಕ್ಕೆ ತೆಗೆದು ನಿಲುವಂಗಿ ಇಳಿಬಿಡು, ಬಣ್ಣ ಕಡು ಬೂದಿಯಾಗಿಸು ಎಂದವರು ಬರಹಗಾರ ಬಿಲ್ ಫಿಂಗರ್. 1939ರಿಂದ ದಶಕಗಳ ಕಾಲ ಕೇನ್ ಹೆಸರೊಂದೇ ಮೆರೆಯಿತು. ಫಿಂಗರ್ 1974ರಲ್ಲಿ ತೀರಿಕೊಂಡರು, ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಕತ್ತಲಲ್ಲಿ ಉಳಿದವರು ಚಿತ್ರಕಾರರು ಮಾತ್ರ ಎಂದು ಮರುಗುವವರು ಇದನ್ನೂ ನೆನೆಯಲಿ.

ಗೀಚುಗಾರ್ತಿ, ಕುವೆಂಪುನಗರ:
ಒಪ್ಪಿದೆ. ಫಿಂಗರ್ ವಿಷಯ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪದ್ಯಪ್ರಿಯ, ಅಗ್ರಹಾರ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ಹಾಡುತ್ತಾರೆ, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಾರೆ. ನಮ್ಮ ಅಜ್ಜ ಹಾಡಿಗೆ ತಲೆದೂಗಿ, ವ್ಯಾಖ್ಯಾನ ಶುರುವಾದರೆ ಕಾಫಿಗೆ ಏಳುತ್ತಿದ್ದರು. ಅಜ್ಜಿ ವ್ಯಾಖ್ಯಾನಕ್ಕೇ ಬರುತ್ತಿದ್ದರು. ಅಲ್ಲದೆ ಕನ್ನಡದಲ್ಲಿ ನಾವು ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಜಗಳ ಅಮೆರಿಕದವರದು, ನಮಗೇಕೆ?

ಗೀಚುಗಾರ್ತಿ, ಕುವೆಂಪುನಗರ:
ಚೆಕ್ ಬರೆಯುವಾಗ ಮಾತ್ರ ಎರಡು ಬರಹಗಳ ವ್ಯತ್ಯಾಸ ತಿಳಿಯುತ್ತದೆ, ಅದಕ್ಕೆ. ಸೂಪರ್‌ಮ್ಯಾನ್ ಹಕ್ಕನ್ನು ಅವನನ್ನು ಹುಟ್ಟಿಸಿದ ಲೇಖಕ ಸೀಗಲ್ ಮತ್ತು ಚಿತ್ರಕಾರ ಶುಸ್ಟರ್ 130 ಡಾಲರ್‌ಗೆ ಬರೆದುಕೊಟ್ಟರು. ಅಲ್ಲಿ ಲೇಖಕನೂ ಮುಳುಗಿದ, ಚಿತ್ರಕಾರನೂ ಮುಳುಗಿದ.

ಹಳೇಪುಸ್ತಕ, ಸರಸ್ವತಿಪುರಂ:
ಹಣದ ಮಾತು ಒಪ್ಪಿದೆ, ಆದರೆ ನನ್ನ ಕೊನೆಯ ಸಾಕ್ಷಿ ಇನ್ನೂ ಇದೆ. 1973, ಸ್ಪೈಡರ್‌ಮ್ಯಾನ್‌ನ 121ನೆಯ ಸಂಚಿಕೆ, ಜೆರ್ರಿ ಕಾನ್‌ವೇ ಬರೆದದ್ದು. ಅವನ ಪ್ರೇಯಸಿ ಗ್ವೆನ್ ಸೇತುವೆಯಿಂದ ಬೀಳುತ್ತಾಳೆ, ಸ್ಪೈಡರ್‌ಮ್ಯಾನ್ ಬಲೆ ಎಸೆದು ಕಾಲಿಗೆ ಹಿಡಿಯುತ್ತಾನೆ. ಗಿಲ್ ಕೇನ್ ಚಿತ್ರ ನೋಡಿದರೆ ಬದುಕಿದಳು ಎಂದೇ ನಿಟ್ಟುಸಿರು ಬಿಡುತ್ತೀರಿ. ಆದರೆ ಕತ್ತಿನ ಪಕ್ಕದಲ್ಲಿ ಪುಟ್ಟ ಅಕ್ಷರಗಳಲ್ಲಿ ಒಂದು ಸದ್ದು ಇದೆ: ಸ್ನ್ಯಾಪ್. ಅದನ್ನು ಅಳಿಸಿದರೆ ಅವಳನ್ನು ಕೊಂದವನು ಖಳ. ಇದ್ದರೆ, ಹಿಡಿದವನೇ ಕೊಂದನೋ ಏನೋ. ಒಂದೇ ಶಬ್ದ!

ಗಾಣದಮನೆ, ಮಂಡ್ಯ:
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ಸಂಚಿಕೆ ನಾನು ನೋಡಿಲ್ಲ. ಕಡ ಕೊಡುತ್ತೀರಾ?

ಹಳೇಪುಸ್ತಕ, ಸರಸ್ವತಿಪುರಂ:
ಕಡ ಕೊಟ್ಟ ಪುಸ್ತಕ ತಿರುಗಿ ಬಂದದ್ದುಂಟೇ? ಭಾನುವಾರ ಬೆಳಿಗ್ಗೆ ರೈಲು ಹತ್ತಿ ಬನ್ನಿ, ನಮ್ಮ ಜಗಲಿಯಲ್ಲೇ ಕುಳಿತು ಓದಿ. ತಿಂಡಿ ನನ್ನದು.

ಗಾಣದಮನೆ, ಮಂಡ್ಯ:
ಬರುತ್ತೇನೆ. ಮೊದಲ ಸಲ ಮಾತಿಲ್ಲದೆ ನೋಡಬೇಕು, ಗುಳ್ಳೆಗಳ ಮೇಲೆ ಹಾಕಲು ಕಾಗದದ ಚೂರು ತರುತ್ತೇನೆ.

ಹಳೇಪುಸ್ತಕ, ಸರಸ್ವತಿಪುರಂ:
ಕಾಗದ ತನ್ನಿ. ಅಂಟು ತರಬೇಡಿ.