ಮಗು ಬೇಡ ಅಂತಲ್ಲ, ಬಿಟ್ಟು ಬರೋದು ಬೇಡ

ನವನಗರದವಳು:
ನನಗೆ 28 ವರ್ಷ, ಮದುವೆಯಾಗಿ ಎರಡು ವರ್ಷ. ಬಾಗಲಕೋಟೆಯ ನವನಗರದಲ್ಲಿ ಬಾಡಿಗೆ ಮನೆ. ಹನ್ನೆರಡು ಜನರಿರುವ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮನೆಯವರು ಟೈಲ್ಸ್ ಅಂಗಡಿಯಲ್ಲಿದ್ದಾರೆ. ಯಾರ ಸೀಮಂತಕ್ಕೆ ಹೋದರೂ "ಏನವ್ವಾ, ನಿಂದು ಯಾವಾಗ?" ಅಂತ ಕೇಳುತ್ತಾರೆ. ಅತ್ತೆ ತುಂಬಾ ಒಳ್ಳೆಯವರು. "ಹಡೆದು ಕೊಡು, ಬೀಳಗಿಯಲ್ಲಿ ನಾ ಜೋಪಾನ ಮಾಡ್ತೀನಿ. ವಾರಕ್ಕೊಮ್ಮೆ ಬಂದು ಹೋಗು" ಅಂತಾರೆ.

ನನಗೆ ಭಯ ಇರೋದೇ ಅಲ್ಲಿ. ನಾನೂ ಹಾಗೇ ಬೆಳೆದವಳು. ಅಪ್ಪ, ಅವ್ವ ಕಟ್ಟಡ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದರು. ನಾನು ಅಜ್ಜಿ ಹತ್ತಿರ. ಒಂದು ಪಂಚಮಿಗೆ ಅವ್ವ ಬಂದಾಗ ಜೋಳದ ಚೀಲದ ಹಿಂದೆ ಅವಿತುಕೊಂಡೆ. ಅವ್ವ ಶೇಂಗಾದ ಉಂಡಿ ಹಿಡಿದು ಕೈ ಚಾಚಿದಳು. ಸಿಮೆಂಟಿಗೆ ಬೆರಳ ತುದಿಗಳೆಲ್ಲ ಬಿರಿದಿದ್ದವು. ಉಂಡಿ ಕಸಿದುಕೊಂಡು ಅಜ್ಜಿ ಹತ್ತಿರ ಓಡಿದೆ. ಅವ್ವ ಏನೂ ಅನ್ನಲಿಲ್ಲ. ಚೀಲ ಬಿಚ್ಚಿ ಬಟ್ಟೆ ತೆಗೆಯುತ್ತಾ ಕೂತಳು.

ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ, ಅಲ್ವಾ? ಎರಡು ವರ್ಷ ಹಣ ಕೂಡಿಸಿ, ಆಮೇಲೆ ಮಗು ಮಾಡಿಕೊಂಡು, ಒಂದು ವರ್ಷವಾದರೂ ನಾನೇ ನೋಡಿಕೊಳ್ಳಬೇಕು ಅಂತಿದೆ. ಅತ್ತೆಗೆ ನೋವಾಗದ ಹಾಗೆ ಹೇಗೆ ಹೇಳಲಿ?

ವಿಜಯಪುರದಿಂದ:
ಅಕ್ಕಾ, ಮೊದಲು ರಜೆ ವಿಚಾರ ತಿಳಿದುಕೊಳ್ಳಿ. ನಿಮ್ಮ ಕಚೇರಿಯಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಇದ್ದಾರೆ, ಹಾಗಾಗಿ ಹೆರಿಗೆ ರಜೆ ಕಾನೂನು ನಿಮಗೂ ಇದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಮೇತ 26 ವಾರ. ಹೆರಿಗೆಗೆ ಮೊದಲಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಮಾತ್ರ 50 ಜನ ಇರುವ ಕಡೆ ಕಡ್ಡಾಯ. ಅಂದರೆ ನೀವು ಕೂಡಿಸಬೇಕಾದದ್ದು ಉಳಿದ ಆರು ತಿಂಗಳ ಖರ್ಚು. ನಾವೂ ಹೀಗೇ ಲೆಕ್ಕ ಹಾಕಿದ್ದೆವು.

ಮುಧೋಳದ ಅಜ್ಜಿ:
ತಂಗಿ, ಆ ಉಂಡಿ ವಿಷಯವನ್ನೇ ಅತ್ತೆಗೆ ಹೇಳು. ನಾನು ಮೊಮ್ಮಗನನ್ನು ಎರಡು ವರ್ಷ ಸಾಕಿದೆ. ಕರೆದುಕೊಂಡು ಹೋಗುವ ದಿನ ಬಸ್ ಹತ್ತಿಸಿದರೂ ನನ್ನ ಸೆರಗು ಬಿಡಲಿಲ್ಲ. ಮಗಳು ಕಿಟಕಿ ಕಡೆ ಮುಖ ಮಾಡಿ ಅತ್ತಳು. ಕೂಸನ್ನು ಬೀಳಗಿಗೆ ಕಳಿಸೋ ಬದಲು ಅತ್ತೆಯನ್ನೇ ನವನಗರಕ್ಕೆ ಕರೆದುಕೊಂಡು ಬಾ. ಕೇಳಿದ್ದೀಯಾ?

ನವನಗರದವಳು:
ಇಲ್ಲ ಅಮ್ಮಾ, ಕೇಳೇ ಇಲ್ಲ. ಅವರಿಗೆ ಮೊಣಕಾಲು ನೋವು, ನಮ್ಮದು ಎರಡನೇ ಮಹಡಿ. ಕೆಳಗಿನ ಮನೆ ಎಲ್ಲಾದರೂ ಸಿಗುತ್ತಾ ಅಂತ ಇವತ್ತೇ ನಮ್ಮನೆಯವರಿಗೆ ಹೇಳಿದೆ. ಭಾನುವಾರ ಬೀಳಗಿಗೆ ಹೋಗುತ್ತೇವೆ.